ದೊಡ್ಡಮ್ಮ ಪುಟದ ಮೇಲೆ ಇಟ್ಟ ಕಲ್ಲು

ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಹೆದರಿಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಅವರ ಬಗ್ಗೆ ಬರೆಯಲು ಕೂತು ಸುಳ್ಳಿನಿಂದ ಶುರು ಮಾಡುವುದು ಅದಕ್ಕಿಂತ ನಾಚಿಕೆಗೇಡು. ದೊಡ್ಡಮ್ಮ ನನ್ನ ನೆಂಟರಲ್ಲ, ನಾವೆಲ್ಲ ಹಾಗೆ ಕರೆಯುತ್ತಿದ್ದೆವು. ಫೋನ್ ಮಾಡಿದವರು ಗುಡ್ಡದ ಮೇಲಿನ ಅವರ ಹಟ್ಟಿಯ ಶಾಲೆಯ ಮೇಷ್ಟ್ರು. ಆಗ ನಾನು ಹಲಸೂರಿನ ನಮ್ಮ ಆಫೀಸಿನಲ್ಲಿ, ಅದೇ ಹಳೆಯ ಮೇಜಿನ ಮುಂದೆ ಕೂತಿದ್ದೆ. ಎದುರಿಗೆ ದೊಡ್ಡಮ್ಮ ಹೇಳಿ ಬರೆಸಿದ ಪುಸ್ತಕದ ಪುಟಗಳನ್ನು ಹರಡಿಕೊಂಡಿದ್ದೆ. ಪುಸ್ತಕವನ್ನು ಇಂಟರ್ನೆಟ್ಟಿಗೆ ಹಾಕಬೇಕು, ದೊಡ್ಡಮ್ಮ ಬಂದು ಒಂದು ಸಲ ನೋಡಲಿ ಎಂದು ಕಾಯುತ್ತಿದ್ದೆವು.

"ಹೋಗ್ಬಿಟ್ರು ಮೇಡಂ. ಮೂರು ದಿನ ಆಯ್ತು. ನಿಮ್ಗೆ ಹೇಳ್ಬೇಕು ಅಂತ ಗುಡ್ಡ ಇಳಿದು ಬಂದೆ, ಮೇಲೆ ಸಿಗ್ನಲ್ ಸಿಗಲ್ಲ" ಎಂದರು ಮೇಷ್ಟ್ರು. ಆಮೇಲೆ ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಮುಂದಕ್ಕೆ ಬರೆಯುವ ಧೈರ್ಯ ಉಳಿಯುವುದಿಲ್ಲ.

ನಾನು ಹುಟ್ಟು ಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಹಳೇ ಮದ್ರಾಸ್ ರಸ್ತೆ ದಾಟಲು ಹೆದರುತ್ತೇನೆ, ಯಾರಾದರೂ "ಸ್ವಲ್ಪ ಮಾತಾಡಬೇಕಿತ್ತು" ಎಂದರೆ ಏನಾದರೂ ನೆಪ ಹೇಳಿ ಎದ್ದುಹೋಗುತ್ತೇನೆ. ಇಂಥವಳಿಗೆ ಸಿಕ್ಕ ಕೆಲಸ ಮಾತ್ರ ಬಹಳ ಹೆದರಿಕೆಯದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮದೊಂದು ಪುಟ್ಟ ಸಂಸ್ಥೆ, ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಆದಿವಾಸಿ ಮಕ್ಕಳು ತಮ್ಮ ಮಾತಿನಲ್ಲೇ, ತಮ್ಮ ಗುಡ್ಡ, ತಮ್ಮ ಗಿಡಮರಗಳ ಬಗ್ಗೆ ಓದುವಂಥ ಪುಸ್ತಕಗಳನ್ನು ಅಲ್ಲಿ ಮಾಡುತ್ತಿದ್ದೆವು. ಜೊತೆಗೊಂದು ಸಿ.ಡಿ. ಎರಡಕ್ಕೂ ಬೆಲೆ ಇಲ್ಲ, ಹಕ್ಕುಗಳನ್ನು ಕಾಯ್ದಿರಿಸುವ ಮಾತೂ ಇಲ್ಲ. ರಕ್ಷಾಪುಟದ ಹಿಂಬದಿಯಲ್ಲಿ ಒಂದು ಸಾಲು ಇರುತ್ತಿತ್ತು: "ಇದನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಅನುಮತಿ ಬೇಕಿಲ್ಲ." ಜ್ಞಾನಕ್ಕೆ ಬೀಗ ಹಾಕಬಾರದು ಎನ್ನುವುದು ನಮ್ಮ ಸರ್ ಅವರ ಹಟ. ಸಂಸ್ಥೆ ಕಟ್ಟಿದವರು ಅವರೇ. ಟೈಪು ಮಾಡಿ ಪುಟ ಕಟ್ಟುವುದು ನನ್ನ ಪಾಲಿನ ಕೆಲಸ. ಒಂದು ತಪ್ಪು ಅಚ್ಚಾದರೆ ಅದು ಎಲ್ಲರ ಕೈಗೂ ಹೋಗುತ್ತಿತ್ತು.

ದೊಡ್ಡಮ್ಮ ಮೊದಲ ಸಲ ಬಂದ ದಿನ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಅವರಿಗೆ ಓದು ಬರುತ್ತಿರಲಿಲ್ಲ. ಸಣ್ಣ ಆಕಾರ, ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ತುರುಬು, ಎಲೆಅಡಿಕೆ ಚೀಲದಲ್ಲೇ ರೈಲಿನ ಟಿಕೆಟ್ಟು. ಕೇಳಿದ ಮೇಲೆ ನನ್ನ ಮುಖವನ್ನೇ ನೋಡಿ, "ಇದು ಯಾರ ಕೈಗೆ ಹೋಗ್ತದೆ?" ಎಂದರು.

"ಎಲ್ಲರ ಕೈಗೂ, ದೊಡ್ಡಮ್ಮ."

"ಎಲ್ಲರೂ ಅಂದ್ರೆ ಯಾರು? ಒಬ್ಬೊಬ್ಬರದೇ ಹೆಸರು ಹೇಳಮ್ಮ, ಕೇಳ್ತೀನಿ."

ನಾನು ಸರ್ ಮುಖ ನೋಡಿದೆ. ಸರ್ ಫ್ಯಾನಿನ ಕಡೆ ನೋಡಿದರು. ಅಷ್ಟು ಪುಸ್ತಕ ಮಾಡಿದ ಮೇಲೂ ಆ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ.

ಅವರು ಎಲ್ಲಿಂದ ಬರುತ್ತಿದ್ದರು ಎಂದು ಕೇಳಿದರೆ, ಮೂರು ರಾಜ್ಯ ಕೂಡುವ ಕಡೆಯ ಗುಡ್ಡಗಳು ಎನ್ನಬಹುದು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅವರ ಹೆಸರನ್ನಾಗಲಿ, ಕುಲದ ಹೆಸರನ್ನಾಗಲಿ ಬರೆಯುವುದಿಲ್ಲ. ಮೊದಲ ಪುಟದಲ್ಲಿ ಅವರ ಹೆಸರು ಹಾಕಿ ಓದಿದಾಗಲೇ ಅವರು ಅದರ ಮೇಲೆ ಕಲ್ಲು ಇಟ್ಟಿದ್ದರು.

ಈ ಕಲ್ಲಿನ ವಿಷಯ ಹೇಳಬೇಕು. ಎರಡು ಮೂರು ತಿಂಗಳಿಗೊಮ್ಮೆ ಅವರು ಬಂದು ವಾರವೋ ಹತ್ತು ದಿನವೋ ಆಫೀಸಿನ ಒಳಕೋಣೆಯಲ್ಲಿ ಇರುತ್ತಿದ್ದರು. ಅವರು ಹೇಳಿದ್ದನ್ನೆಲ್ಲ ಟೇಪು ಮಾಡಿ, ಟೈಪು ಮಾಡಿ, ಚಿತ್ರ ಸೇರಿಸಿ, ಒಂದೊಂದೇ ಪುಟವನ್ನು ಅವರಿಗೆ ಓದಿ ಹೇಳುತ್ತಿದ್ದೆ. ಹಾಗೆ ಓದುವುದನ್ನೂ ಟೇಪು ಮಾಡುತ್ತಿದ್ದೆ, ಅವರು ತಿದ್ದಿದ ಮಾತು ಮರೆತುಹೋಗಬಾರದು ಅಂತ. ಅವರ ಬಳಿ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಹುಣಸೆಬೀಜ ಮತ್ತು ಹೊಳೆಯ ಸಣ್ಣ ಕಲ್ಲುಗಳು. ಪುಟ ಹೊರಗೆ ಹೋಗಬಹುದು ಎಂದಾದರೆ ಅದರ ಮೇಲೆ ಬೀಜ ಇಡುತ್ತಿದ್ದರು. ಹೋಗಬಾರದು, ತಮ್ಮಲ್ಲೇ ಉಳಿಯಬೇಕು ಎಂದಾದರೆ ಕಲ್ಲು. ಹಟ್ಟಿಯಲ್ಲಿ ಪಂಚಾಯ್ತಿ ಕೂತಾಗ ಹೀಗೇ ಇಡುತ್ತಾರಂತೆ. ಕಲ್ಲು ಯಾಕೆ ಎಂದು ಕೇಳುವ ಹಾಗಿರಲಿಲ್ಲ. ಒಂದು ಸಲ ಸರ್ ಕೇಳಿಯೇಬಿಟ್ಟರು. ದೊಡ್ಡಮ್ಮ ಬಲು ಮರ್ಯಾದೆಯಿಂದ, "ನಿಮ್ಮನೆ ಬೀರುಗೆ ಯಾಕೆ ಬೀಗ ಹಾಕಿದೀರಿ ಅಂತ ನಾನ್ ಕೇಳಿದ್ನಾ ಸ್ವಾಮಿ?" ಎಂದರು. ಸರ್ ಆವತ್ತು ಬೀಗದ ಬಗ್ಗೆ ಮತ್ತೆ ಮಾತಾಡಲಿಲ್ಲ.

ಆಗೆಲ್ಲ ವಿಮಾನಪುರದ ಕಡೆ ಇಳಿಯುವ ವಿಮಾನಗಳು ನಮ್ಮ ತಲೆ ಮೇಲೇ ಹಾದುಹೋಗುತ್ತಿದ್ದವು. ಕಿಟಕಿಯ ಗಾಜು ಗಿರ್ರೆನ್ನುತ್ತಿತ್ತು. ವಿಮಾನದ ಸದ್ದು ಬಂದರೆ ಸಾಕು, ದೊಡ್ಡಮ್ಮ ಎರಡೂ ಅಂಗೈಯನ್ನು ಮುಂದಿದ್ದ ಪುಟದ ಮೇಲೆ ಅಗಲಿಸಿ ಮುಚ್ಚುತ್ತಿದ್ದರು. ಮೇಲಿನಿಂದ ಯಾರೋ ಇಣುಕಿ ಓದಿಬಿಡುತ್ತಾರೆ ಅನ್ನುವಂತೆ. ನಾನು ನಗುತ್ತಿದ್ದೆ. "ನಗಬ್ಯಾಡ. ಅವರ ಹತ್ರ ಏನೇನ್ ಐತೋ ನಿಂಗೇನ್ ಗೊತ್ತು" ಎನ್ನುತ್ತಿದ್ದರು. ಈಗ ಉಪಗ್ರಹದ ಚಿತ್ರದಲ್ಲಿ ನಮ್ಮ ಮಹಡಿಯ ನೀರಿನ ಟ್ಯಾಂಕು ಕಾಣಿಸುತ್ತದೆ. ನನಗೆ ನಗು ಬರುವುದಿಲ್ಲ.

ನನ್ನ ಪುಕ್ಕಲುತನ ಅವರಿಗೆ ತಮಾಷೆಯ ವಸ್ತು. ರಸ್ತೆ ದಾಟುವಾಗ ನಾನು ಅವರ ಕೈ ಹಿಡಿದುಕೊಳ್ಳುತ್ತಿದ್ದೆ, ಅವರನ್ನು ದಾಟಿಸುವ ನೆಪದಲ್ಲಿ. "ಯಾರನ್ನ ಯಾರು ದಾಟಿಸ್ತಾವ್ರೆ ಅಂತ ಬಸ್ಸಿನೋರಿಗೂ ಗೊತ್ತಾಗ್ತೈತೆ" ಎಂದು ಛೇಡಿಸುತ್ತಿದ್ದರು. ಆದರೆ ಅವರಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಖಾಕಿ ಬಟ್ಟೆ ಕಂಡರೆ ಅವರ ಹೆಜ್ಜೆ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು, ಅದು ಪೋಸ್ಟ್‌ಮ್ಯಾನ್ ಆದರೂ. ಒಂದು ಹೊರೆ ಸೌದೆಗಾಗಿ ಫಾರೆಸ್ಟಿನವರು ಅವರನ್ನು ಎರಡು ದಿನ ಕೂಡಿಹಾಕಿದ್ದರಂತೆ, ಚಿಕ್ಕವರಿದ್ದಾಗ. ಅದನ್ನು ಒಂದೇ ಸಲ ಹೇಳಿದರು. ಆ ಪುಟಕ್ಕೂ ಕಲ್ಲು ಬಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಬೇಸಿಗೆ. ಪುಸ್ತಕ ಮರುದಿನ ಪ್ರೆಸ್ಸಿಗೆ ಹೋಗಬೇಕು. ಬೆಳಗಿನಿಂದ ಕೊನೆಯ ಪುಟಗಳನ್ನು ಓದಿ ಮುಗಿಸಿದ್ದೆವು. ಉದ್ದ ಮೇಜಿನ ಮೇಲೆ ಪುಟಗಳು, ಒಂದೊಂದರ ಮೇಲೂ ಬೀಜವೋ ಕಲ್ಲೋ. ಕರೆಂಟು ಹೋಗಿತ್ತು. ಮಧ್ಯಾಹ್ನ ದೊಡ್ಡಮ್ಮ ಎಂದಿನಂತೆ ಹಲಸೂರು ಕೆರೆಯ ಕಡೆ ಹೋದರು, ನೀರು ನೋಡದೆ ಅವರಿಗೆ ಊಟ ಅರಗುತ್ತಿರಲಿಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಫ್ಯಾನನ್ನು ಯಾರೋ ಪೂರ್ತಿ ತಿರುಗಿಸಿ ಹಾಗೇ ಬಿಟ್ಟಿದ್ದರು. ಬೀಜ ಇಟ್ಟ ಪುಟಗಳೆಲ್ಲ ಮೇಲೆದ್ದವು. ಹಿಡಿಯಲು ಹೋದವಳ ಸೆರಗಿಗೆ ಸಿಕ್ಕಿ ಕಲ್ಲಿನವೂ ಮೂರು ನಾಲ್ಕು ಕೆಳಗೆ ಬಿದ್ದವು.

ಎಲ್ಲ ಆಯ್ದುಕೊಂಡೆ. ನೆನಪಿನ ಮೇಲೆ ಬೇರ್ಪಡಿಸಿದೆ. ಕೊನೆಗೆ ಎರಡು ಪುಟ ಉಳಿದವು. ಒಂದು ಪೊರಕೆ ಹುಲ್ಲಿನ ಬಗ್ಗೆ. ಇನ್ನೊಂದು ಒಂದು ಗೆಡ್ಡೆಯ ಬಗ್ಗೆ: ಅದು ಯಾವ ಇಳಿಜಾರಿನಲ್ಲಿ ಬೆಳೆಯುತ್ತದೆ, ಯಾವ ಬಂಡೆಯ ಎಡಕ್ಕೆ ತಿರುಗಬೇಕು, ಎಷ್ಟು ಅಗೆದು ಎಷ್ಟು ಬಿಡಬೇಕು. ಎರಡರಲ್ಲಿ ಒಂದಕ್ಕೆ ಬೀಜ, ಒಂದಕ್ಕೆ ಕಲ್ಲು. ಯಾವುದಕ್ಕೆ ಯಾವುದು? ಬೆಳಗಿನ ಟೇಪು ಹಾಕಿ ನೋಡುವುದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಹುಲ್ಲಿಗೆ ಕಲ್ಲು ಇಟ್ಟಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಹಟ್ಟಿಯವರ ಬದುಕು ಪೊರಕೆ ಮಾರಾಟದ ಮೇಲೆ ನಿಂತಿದೆ, ಅದಕ್ಕೇ ಇರಬೇಕು ಎಂದು ಕಾರಣವನ್ನೂ ಹುಟ್ಟಿಸಿಕೊಂಡೆ. ದೊಡ್ಡಮ್ಮ ವಾಪಸ್ಸು ಬರುವಷ್ಟರಲ್ಲಿ ಪುಟಗಳನ್ನು ಎರಡು ಕವರಿಗೆ ಹಾಕಿ ಮುಚ್ಚಿದ್ದೆ.

"ಎಲ್ಲಾ ಸರಿ ಐತಾ?" ಎಂದರು ಬಾಗಿಲಲ್ಲೇ ನಿಂತು.

"ಸರಿ ಇದೆ ದೊಡ್ಡಮ್ಮ."

ಎರಡು ಪುಟ ಕೈಯಲ್ಲಿ ಹಿಡಿದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಲಿಲ್ಲ. ಅವರು ಇಟ್ಟದ್ದನ್ನು ನಾನು ಚೆಲ್ಲಿದೆ ಎಂದು ಹೇಳಲು ಹೆದರಿಕೆಯಾಯಿತು, ಅಷ್ಟೇ. ಬೇರೆ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಪುಸ್ತಕ ಬಂತು. ಸಿ.ಡಿ.ಯೂ ಬಂತು. ಕೇಳಿದವರಿಗೆಲ್ಲ ಕಳಿಸಿದೆವು. ಹಟ್ಟಿಗೆ ಕಟ್ಟು ಕಳಿಸುವುದು ಮೊದಲ ಕೆಲಸವಾಗಬೇಕಿತ್ತು, ಅದೇ ಕೊನೆಗೆ ಉಳಿಯಿತು. ಹೇಗೂ ದೊಡ್ಡಮ್ಮ ಬರುತ್ತಾರಲ್ಲ, ಬಂದಾಗ ಒಯ್ಯಲಿ ಎಂದುಕೊಂಡೆವು. ಗೆಡ್ಡೆಯ ಪುಟ ಬಂದಾಗಲೆಲ್ಲ ನಾನು ಅದನ್ನು ಬೇಗ ಮಗುಚುತ್ತಿದ್ದೆ.

ಎರಡು ತಿಂಗಳ ಮೇಲೆ ಅಮ್ಮನ ಮಂಡಿನೋವಿನ ಎಣ್ಣೆಗೆ ಬೇಕಾದ ಸಾಮಾನು ತರಲು ಶಿವಾಜಿನಗರಕ್ಕೆ ಹೋಗಿದ್ದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಾರುಬೇರು ಮಾರುವ ಒಂದು ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಗೆ ಒಂದು ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮೊಳೆ ಹೊಡೆದಿದ್ದರು. ನೋಡಿದೆ. ನಾನು ಕಟ್ಟಿದ ಪುಟ. ನಾನು ಆರಿಸಿದ ಅಕ್ಷರ. ಕೆಳಗೆ ಎರಡು ಮೂಟೆ ಗೆಡ್ಡೆ, ಬಾಯಿ ತೆರೆದು ಇಟ್ಟಿದ್ದರು.

"ಇದೇನಿದು?" ಎಂದೆ.

"ಹೊಸಾ ಮಾಲು ಮೇಡಂ, ಒಂದ್ ತಿಂಗ್ಳಿಂದ ಬರ್ತಾ ಐತೆ. ಮುಂಚೆ ಎಲ್ಲಿ ಸಿಗ್ತಿತ್ತು? ಈಗ ಬುಕ್ಕಲ್ಲೇ ಹಾಕ್ಬಿಟ್ಟವ್ರೆ, ದಾರಿ ಸಮೇತ. ಫ್ರೀ ಬುಕ್ಕು. ಯಾರ್ ಮಾಡಿದ್ರೋ, ಪುಣ್ಯಾತ್ಮರು."

ಎಣ್ಣೆಯ ಸಾಮಾನು ತೆಗೆದುಕೊಳ್ಳದೆ ಹೊರಟೆ. ಬಸ್ಸಿಗೂ ಕಾಯದೆ ಹಲಸೂರಿನವರೆಗೆ ನಡೆದೆ. ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ಆ ದಿನದ ಟೇಪು ಹುಡುಕಿ ಹಾಕಿದೆ. ಮೊದಲು ನನ್ನ ದನಿ, ಪೊರಕೆ ಹುಲ್ಲಿನ ಪುಟ ಓದುತ್ತಿದ್ದೇನೆ. ಓದಿದ ಮೇಲೆ ಮೌನ. ಬೀಜ ಇಟ್ಟರೆ ಸದ್ದಾಗುವುದಿಲ್ಲ. ಆಮೇಲೆ ಗೆಡ್ಡೆಯ ಪುಟ. ನನ್ನ ದನಿ ನಿಂತಿತು. ದೂರದಲ್ಲೊಂದು ವಿಮಾನ. ಅದು ಹಾದುಹೋಗುವವರೆಗೆ ಯಾರೂ ಮಾತಾಡಿಲ್ಲ. ಆಮೇಲೆ ಕಲ್ಲು ಮೇಜಿಗೆ ತಾಗಿದ ಸದ್ದು. ಟಕ್.

ಆ ಟೇಪನ್ನು ಎಷ್ಟು ಸಲ ಕೇಳಿದೆನೋ. ಪ್ರತಿ ಸಲವೂ ಈ ಸಲ ಸದ್ದು ಬರಲಾರದು ಎಂಬ ಹುಚ್ಚು ಆಸೆ. ಸರ್‌ಗೆ ಹೇಳಿದೆ. ಅವರು "ಹೋದ ಪ್ರತಿಗಳನ್ನ ವಾಪಸ್ ತರಿಸೋಣ" ಎಂದರು. ಎಲ್ಲಿಂದ ತರಿಸುವುದು? ಯಾರು ಬೇಕಾದರೂ ನಕಲು ಮಾಡಬಹುದು ಎಂದು ನಾವೇ ಬರೆದಿದ್ದೆವು. ಎಷ್ಟು ನಕಲಾಗಿವೆ, ಯಾರ ಮನೆಯಲ್ಲಿವೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಮುಂದಿನ ತಿಂಗಳು ದೊಡ್ಡಮ್ಮ ಬರುವ ದಿನ ಎಂದಿನಂತೆ ಕೃಷ್ಣರಾಜಪುರದ ಸ್ಟೇಷನ್ನಿಗೆ ಹೋದೆ. ಬೆಳಗಿನ ಪ್ಯಾಸೆಂಜರಿನಿಂದ ಕೆಲಸಕ್ಕೆ ಬರುವವರು ಧುಮುಕುತ್ತಿದ್ದರು, ಆ ಗುಂಪು ಕರಗುವ ತನಕ ಅವರು ಬೋಗಿಯ ಬಾಗಿಲಲ್ಲೇ ನಿಂತಿರುತ್ತಿದ್ದರು. ಆವತ್ತು ದೊಡ್ಡಮ್ಮ ಇಳಿದವರೇ ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು: "ಯಾರೋ ಪೇಟೆಯೋರು ಜೀಪಲ್ಲಿ ಬಂದ್ರು ಕಣಮ್ಮ. ಇಳಿಜಾರು ಪೂರ್ತಿ ಬಗೆದಾಕವ್ರೆ. ಒಂದು ಬಿತ್ತನೆಗೂ ಬಿಟ್ಟಿಲ್ಲ. ಬರೋ ಬ್ಯಾಸ್ಗೇಲಿ ಮಕ್ಕಳು ಏನ್ ತಿಂತಾವೋ. ಅವರಿಗೆ ದಾರಿ ಯಾರ್ ತೋರಿಸಿದ್ರೋ ಗೊತ್ತಾಗ್ಲಿಲ್ಲ."

ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಓಡಿಹೋಗಬೇಕು ಅನ್ನಿಸಿತು. ಗೊತ್ತಿಲ್ಲ ಅಂದರೆ ಮುಗಿಯುತ್ತದೆ, ಅವರಿಗೆ ಓದು ಬಾರದು ಎಂಬ ಯೋಚನೆಯೂ ಬಂತು. ಬಂತು ಎಂಬುದನ್ನು ಮುಚ್ಚಿಡುವುದಿಲ್ಲ.

"ನಾನು, ದೊಡ್ಡಮ್ಮ" ಎಂದೆ. ಫ್ಯಾನು, ಎರಡು ಪುಟ, ಅಂಗಡಿ, ಟೇಪು ಎಲ್ಲವನ್ನೂ ಹೇಳಿದೆ. ಅವರು ಎಲೆಅಡಿಕೆ ಚೀಲದ ದಾರವನ್ನು ಬಿಚ್ಚುತ್ತ ಕಟ್ಟುತ್ತ ಕೇಳಿದರು.

"ಗಾಳಿಗೆ ಹಾರಿದಾಗ್ಲೇ ಅನುಮಾನ ಬಂತಾ ನಿಂಗೆ?"

"ಬಂತು."

"ಮತ್ತೆ ಯಾಕ್ ಕೇಳ್ಲಿಲ್ಲ?"

"ಹೆದರಿಕೆ ಆಯ್ತು."

"ಯಾರ್ಗೆ?"

"ನಿಮಗೆ."

"ನಂಗಾ?" ಎಂದರು. ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಹುಟ್ಟಿದಾಗಿಂದ ನಾನ್ ಎಲ್ಲರ್ಗೂ ಹೆದರ್ಕೊಂಡ್ ಬಂದಿವ್ನಿ. ನಂಗ್ ಹೆದರೋಳು ಒಬ್ಬಳು ಇದ್ಳು ಅಂತ ಇವತ್ತು ಗೊತ್ತಾಯ್ತು." ಸ್ವಲ್ಪ ನಕ್ಕರು. ಆ ನಗು ಅಲ್ಲೇ ನಿಂತುಹೋಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮುಂದಿನ ರೈಲು ಬಂದು ಹೋಗುವವರೆಗೂ ಅತ್ತರು. ನಾನು ಪಕ್ಕದಲ್ಲೇ ಕೂತಿದ್ದೆ, ಮುಟ್ಟಲು ಧೈರ್ಯ ಬರಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಎದ್ದರು. "ಹೆದರಿಕೆ ಆದಾಗ್ಲೇ ಕೇಳ್ಬೇಕು ಕಣಮ್ಮ. ಗುಡ್ಡದಲ್ಲಿ ನಾವು ಹಂಗೇ ಮಾಡೋದು. ಹೆದರಿಕೆ ಆಯ್ತು ಅಂದ್ರೆ ನಿಂತ್ಕಂಡು ಕೂಗಿ ಕೇಳ್ತೀವಿ, ಯಾರಾರ ಇದೀರಾ ಅಂತ. ಸುಮ್ಮನೆ ಮುಂದಕ್ ಹೋಗಲ್ಲ." ಆಮೇಲೆ, "ನಡಿ. ರಸ್ತೆ ದಾಟ್ಸು" ಎಂದು ನನ್ನ ಕೈ ಹಿಡಿದುಕೊಂಡರು. ಆ ದಿನ ಅವರ ಕೈಯೂ ತಣ್ಣಗಿತ್ತು.

ಅವರು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಮತ್ತೆ ಮತ್ತೆ ಬಂದರು, ಮತ್ತೆ ಡಬ್ಬಿ ತೆರೆದರು. ಒಂದೇ ಒಂದು ಬದಲಾವಣೆ: ಪುಟ ಓದುವಾಗ ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ಬೆವರು ಸುರಿಸುತ್ತ ಕೂತಿರುತ್ತಿದ್ದೆವು.

ಒಂದು ವರ್ಷದ ನಂತರ ಎರಡನೇ ಮುದ್ರಣ. ಗೆಡ್ಡೆಯ ಪುಟವನ್ನು ನಾನು ತೆಗೆದೇ ಇಟ್ಟಿದ್ದೆ. "ಅದೆಲ್ಲಿ?" ಎಂದು ಕೇಳಿ ತರಿಸಿಕೊಂಡರು. ಅಷ್ಟರಲ್ಲಿ ಆ ಇಳಿಜಾರಿಗೆ ಬೇಲಿ ಬಂದಿತ್ತು. ಹೊರಗಿನವರು ಅಗೆಯುತ್ತಾರೆ ಎಂದು ಫಾರೆಸ್ಟಿನವರು ಹಾಕಿದ ಬೇಲಿ, ಹಟ್ಟಿಯ ಹೆಂಗಸರಿಗೂ ಅಲ್ಲಿ ಕಾಲಿಡುವ ಹಾಗಿಲ್ಲ. ದೊಡ್ಡಮ್ಮ ಚಿತ್ರದ ಮೇಲೆ ಬೆರಳಾಡಿಸಿದರು. ಡಬ್ಬಿಯಿಂದ ಒಂದು ಹುಣಸೆಬೀಜ ತೆಗೆದು ಪುಟದ ಮೇಲೆ ಇಟ್ಟರು.

"ದೊಡ್ಡಮ್ಮ, ಬೇಡ" ಎಂದೆ.

"ಇರ್ಲಿ. ನಮ್ ಮಕ್ಕಳು ಇನ್ನು ಇದರಾಗೇ ನೋಡ್ಬೇಕು."

"ದಾರಿ ಬರೆದಿರೋ ಸಾಲಾದರೂ ತೆಗೀತೀನಿ."

"ದಾರಿನೂ ಇರ್ಲಿ. ಆ ಬೇಲಿ ಒಂದಿನ ಬೀಳ್ತೈತೆ. ಅಷ್ಟೊತ್ಗೆ ನಾನಿರಲ್ಲ. ದಾರಿ ಯಾರ್ ಹೇಳ್ತಾರೆ?"

ಬೀಜದಿಂದ ಕೈ ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗೆಡ್ಡೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಆ ಬೀಜ ಇಟ್ಟದ್ದು ಮಕ್ಕಳ ಪುಸ್ತಕಕ್ಕೆ, ಈ ಬರಹಕ್ಕಲ್ಲ.

ಮೇಷ್ಟ್ರು ಫೋನಿನಲ್ಲಿ ಹೇಳಿದ ಇನ್ನೊಂದು ಮಾತಿಗೆ ಈಗ ಬರಲೇಬೇಕು. "ಒಂದ್ ವಿಷ್ಯ ಕೇಳ್ಬೇಕಿತ್ತು ಮೇಡಂ" ಎಂದು ಶುರು ಮಾಡಿದರು, ನಾನು ಆಗಲೇ ನೆಪ ಹುಡುಕತೊಡಗಿದೆ. "ಇಳಿಜಾರು ಹಾಳಾಗಿ, ಪುಸ್ತಕ ಇಲ್ಲಿಗೆ ಬಂದಾಗಿಂದ ಹಟ್ಟಿಯ ಹೆಂಗಸ್ರು ದೊಡ್ಡಮ್ಮನ ಜೊತೆ ಸರಿಯಾಗಿ ಮಾತಾಡ್ತಿರ್ಲಿಲ್ಲ. ಸೌದೆಗೆ ಹೋದ್ರೂ ಬಿಟ್ಟು ಹೋಗ್ತಿದ್ರು. ಪುಸ್ತಕಕ್ಕೆ ದಾರಿ ಹೇಳಿದ್ದು ಅವ್ರೇ ಅಲ್ವಾ ಅಂತ. ಅವ್ರು ಒಂದು ದಿನವೂ ಎದುರು ಮಾತಾಡ್ಲಿಲ್ಲ. 'ನನ್ ಮುಂದೇನೇ ಓದಿದ್ರು, ನಾನೇ ಕಲ್ಲು ಇಡ್ಲಿಲ್ಲ' ಅಂದ್ಬಿಡೋರು. ಕೊನೆ ತನಕ ಅದೇ ಮಾತು. ನಿಜಾನಾ ಮೇಡಂ?"

ನಾನು ಏನು ಮಾಡಿದೆ ಗೊತ್ತೇ? "ಸರಿಯಾಗಿ ಕೇಳಿಸ್ತಿಲ್ಲ ಮೇಷ್ಟ್ರೇ" ಎಂದು ಫೋನ್ ಇಟ್ಟುಬಿಟ್ಟೆ.

ಅಷ್ಟು ವರ್ಷ ಅವರು ಬಂದು ನನ್ನ ಎದುರಿಗೆ ಕೂತು, ನಾನು ತಂದ ಇಡ್ಲಿ ತಿಂದು, ನನ್ನನ್ನು ಛೇಡಿಸಿ, ವಾಪಸ್ಸು ಹೋಗಿ ಆ ಮೌನದೊಳಗೆ ಇರುತ್ತಿದ್ದರು. ನನ್ನ ಹೆಸರು ಹೇಳಿದ್ದರೆ ಒಂದು ಗಳಿಗೆಯಲ್ಲಿ ಎಲ್ಲ ತೀರುತ್ತಿತ್ತು. ಯಾಕೆ ಹೇಳಲಿಲ್ಲವೋ ನನಗೆ ತಿಳಿಯದು. ನಾನು ಹೆದರಿಕೊಳ್ಳುತ್ತೇನೆ ಎಂದಿರಬಹುದು. ಹಾಗಿದ್ದರೆ ಅದನ್ನು ಹೊರಲು ನನ್ನಿಂದಾಗುವುದಿಲ್ಲ.

ಮರುದಿನ ನಾನೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಇನ್ನೂ ಗುಡ್ಡದ ಕೆಳಗೇ ಇದ್ದರು, ಮೂರು ಸಲ ಮಾಡಿದ ಮೇಲೆ ಸಿಕ್ಕರು. ಹೆಂಗಸರನ್ನೆಲ್ಲ ಶಾಲೆಯ ಹತ್ತಿರ ಕೂಡಿಸಲು ಸಾಧ್ಯವೇ ಎಂದು ಕೇಳಿದೆ. ಯಾಕೆ ಎಂದರು. ಪುಸ್ತಕವನ್ನು ಇಂಟರ್ನೆಟ್ಟಿಗೆ ಹಾಕಬೇಕೋ ಬೇಡವೋ ಅವರೇ ಹೇಳಲಿ, ಒಂದೊಂದೇ ಪುಟ ಓದುತ್ತೇನೆ, ಬೀಜ, ಕಲ್ಲು ಅವರೇ ಇಡಲಿ ಎಂದೆ. "ಅದಕ್ಕೂ ಮುಂಚೆ ನಾನೊಂದು ಹೇಳೋದಿದೆ" ಎಂದೂ ಸೇರಿಸಿದೆ. ನಾಳೆ ಬೆಳಿಗ್ಗೆ ಕೃಷ್ಣರಾಜಪುರದಿಂದ ರೈಲು. ಆ ಗುಡ್ಡಕ್ಕೆ ನಾನು ಒಮ್ಮೆಯೂ ಹೋದವಳಲ್ಲ. ಯಾವಾಗಲೂ ಅವರೇ ಬರುತ್ತಿದ್ದರು.

ಚೀಲದಲ್ಲಿ ಪುಟಗಳನ್ನು ಇಟ್ಟಿದ್ದೇನೆ. ಟೇಪ್ ರೆಕಾರ್ಡರಿಗೆ ಹೊಸ ಸೆಲ್ ಹಾಕಿದ್ದೇನೆ. ಆ ದಿನದ ಕ್ಯಾಸೆಟ್ಟನ್ನು ಆ ಜಾಗಕ್ಕೇ ತಿರುಗಿಸಿ ನಿಲ್ಲಿಸಿದ್ದೇನೆ. ಹೆಂಗಸರ ಮುಂದೆ ನಿಂತಾಗ ನನಗೆ ದನಿ ಹೊರಡುವುದೋ ಇಲ್ಲವೋ. ಹೊರಡದಿದ್ದರೆ ಗುಂಡಿ ಒತ್ತುತ್ತೇನೆ. ನನ್ನ ಓದು ಕೇಳಿಸುತ್ತದೆ, ವಿಮಾನ ಹಾದುಹೋಗುತ್ತದೆ, ಆಮೇಲೆ ದೊಡ್ಡಮ್ಮ ಕಲ್ಲು ಇಟ್ಟದ್ದು ಅವರೆಲ್ಲರಿಗೂ ಕೇಳಿಸುತ್ತದೆ.